ಗೆಣಸಿನ ಪೈಗೆ ಅತ್ತೆಯ ಕೈ

ಸಂಕ್ರಾಂತಿಗೆ ತಂದ ಗೆಣಸು ಮಿಕ್ಕಿದರೆ ಏನು ಮಾಡ್ತೀರಾ? ಬೇಯಿಸಿ ಬೆಲ್ಲದ ಜೊತೆ ತಿನ್ನೋದು, ಮನಸ್ಸು ಬಂದರೆ ಹೋಳಿಗೆ. ಅಷ್ಟೇ ಅಲ್ವಾ? ನಮ್ಮ ಮನೆಯಲ್ಲೂ ಹಾಗೇ ಇತ್ತು, ನನ್ನ ಅಕ್ಕ ಫೋನಿನಲ್ಲಿ ಗೆಣಸಿನ ಪೈ ಮಾಡೋದು ಹೇಳಿಕೊಡುವವರೆಗೆ.

ಅಕ್ಕ ಇರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಆ ದೇಶದಲ್ಲಿ ಗೆಣಸು ಅತಿ ಹೆಚ್ಚು ಬೆಳೆಯುವ ರಾಜ್ಯ ಅದು. ಅವಳು ಬಾಣಂತಿಯಾಗಿದ್ದಾಗ ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಅಜ್ಜಿಯೊಬ್ಬರು ಬೆಚ್ಚಗಿನ ಪೈ ತಂದುಕೊಟ್ಟರಂತೆ. "ಜಾಯಿಕಾಯಿ ಘಮಕ್ಕೆ ಅಮ್ಮನ ಹೋಳಿಗೆ ನೆನಪಾಗಿ ಕಣ್ಣಲ್ಲಿ ನೀರು ಬಂತು ಕಣೇ" ಅಂದಿದ್ದಳು.

ಈ ಪೈ ದಕ್ಷಿಣ ಅಮೆರಿಕದ್ದಲ್ಲ, ಅಮೆರಿಕದ ದಕ್ಷಿಣ ರಾಜ್ಯಗಳದ್ದು. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಲವು ಮನೆಗಳಲ್ಲಿ ಕುಂಬಳಕಾಯಿ ಪೈ ಮಾಡಿದರೆ, ಕಪ್ಪು ಜನರ ಮನೆಗಳಲ್ಲಿ ಗೆಣಸಿನ ಪೈ ಇರಲೇಬೇಕು. ಗುಲಾಮಗಿರಿಯಲ್ಲಿ ಬದುಕಿದ್ದ ಆಬಿ ಫಿಶರ್ ಎಂಬ ಮಹಿಳೆ 1881ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲೂ ಇದು ಇದೆ. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಬಾಯಲ್ಲಿ ಹೇಳಿ ಬರೆಸಿದ ಪುಸ್ತಕ ಅದು! ಹೂರಣಕ್ಕೆ ಕಿತ್ತಳೆ ರಸ ಹಿಂಡುವುದು ಆಕೆಯ ಗುಟ್ಟು.

ಇದನ್ನು ಕೇಳಿದಾಗ ನನಗೆ ನಮ್ಮತ್ತೆ ನೆನಪಾದರು. ಅವರದ್ದೂ ಕೈ ಅಳತೆಯೇ. ಆದರೆ ಮಂಡಿ ನೋವು ಶುರುವಾದ ಮೇಲೆ ಎರಡು ವರ್ಷದಿಂದ ಅಡುಗೆಮನೆ ಕಡೆ ಬರುತ್ತಲೇ ಇರಲಿಲ್ಲ. "ಇನ್ನು ನನ್ನಿಂದೇನಾಗುತ್ತೆ ಬಿಡಮ್ಮ" ಅನ್ನೋದೊಂದೇ ಮಾತು. ಊಟಕ್ಕೆ ಕರೆದರೂ ಬೇಸರ.

ಡೈನಿಂಗ್ ಟೇಬಲ್ ಮುಂದೆ ಕೂರಿಸಿ, ಹಿಟ್ಟಿನ ಬಟ್ಟಲು ಮುಂದಿಟ್ಟೆ. ಹೋಳಿಗೆ ಕಣಕ ನಾದಿದ ಹಾಗೆ ಇಪ್ಪತ್ತು ನಿಮಿಷ ನಾದಿದರು. ಪೈ ತಳ ಎಷ್ಟು ಗಟ್ಟಿಯಾಯ್ತೆಂದರೆ ಚಾಕು ಇಳಿಯಲಿಲ್ಲ! ಮೈದಾ ನಾದಿದಷ್ಟೂ ಜಿಗುಟು ಬರುತ್ತದೆ. ಹೋಳಿಗೆಗೆ ಅದೇ ಬೇಕು, ಪೈಗೆ ಅದೇ ಬೇಡ. "ಹಾಗಾದ್ರೆ ಕೈ ಹಚ್ಚಲೇಬಾರದು ಅನ್ನು" ಅಂತ ನಕ್ಕರು. ಮುಂದಿನ ವಾರ ಅವರೇ ಕೇಳಿದರು, "ಗೆಣಸು ತಂದ್ಯಾ?"

ತಳಕ್ಕೆ: ಮೈದಾ ಒಂದೂವರೆ ಕಪ್, ಫ್ರಿಜ್‌ನಿಂದ ತೆಗೆದ ಬೆಣ್ಣೆ 100 ಗ್ರಾಂ, ಚಿಟಿಕೆ ಉಪ್ಪು. ಬೆರಳ ತುದಿಯಲ್ಲಿ ಉಜ್ಜಿ ದಪ್ಪ ರವೆಯಂತಾದಾಗ 3-4 ಟೇಬಲ್ ಚಮಚ ತಣ್ಣೀರು ಹಾಕಿ, ಉಂಡೆ ಕೂಡುವಷ್ಟು ಮಾತ್ರ ಒತ್ತಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಲಟ್ಟಿಸಿ, 9 ಇಂಚಿನ ತಟ್ಟೆಗೆ ಹಾಸಿ. ಅದರ ಮೇಲೆ ಬೇಕಿಂಗ್ ಪೇಪರ್, ಪೇಪರ್ ಮೇಲೆ ಒಣ ಕಡಲೆಕಾಳು ಹರಡಿ, 180 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ, ಕಾಳು ಪೇಪರ್ ತೆಗೆಯಿರಿ. ಹೀಗೆ ಮಾಡಿದರೆ ತಳ ಒದ್ದೆಯಾಗಲ್ಲ.

ಹೂರಣಕ್ಕೆ: ಗೆಣಸು ಅರ್ಧ ಕೆ.ಜಿ., ಸಕ್ಕರೆ ಮುಕ್ಕಾಲು ಕಪ್, ಕರಗಿಸಿದ ಬೆಣ್ಣೆ 50 ಗ್ರಾಂ, ಹಾಲು ಮುಕ್ಕಾಲು ಕಪ್, ಚಕ್ಕೆ ಪುಡಿ ಅರ್ಧ ಚಮಚ, ಜಾಯಿಕಾಯಿ ಪುಡಿ ಕಾಲು ಚಮಚ, ಚಿಟಿಕೆ ಉಪ್ಪು. ಮೂಲ ವಿಧಾನದಲ್ಲಿ 2 ಮೊಟ್ಟೆ ಹಾಕುತ್ತಾರೆ. ನಮ್ಮಲ್ಲಿ ಮೊಟ್ಟೆ ಇಲ್ಲ, 3 ಟೇಬಲ್ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲಿ ಕದಡಿ ಹಾಕುತ್ತೇವೆ. ಎಲ್ಲ ಕಲೆಸಿ ತಳಕ್ಕೆ ಸುರಿದು, ಅದೇ ಶಾಖದಲ್ಲಿ 45-50 ನಿಮಿಷ ಬೇಯಿಸಿ. ಅಂಚು ಗಟ್ಟಿಯಾಗಿ, ನಡು ಸ್ವಲ್ಪ ಅಲುಗಾಡುವಾಗಲೇ ತೆಗೆಯಿರಿ.

ನೆನಪಿಡಿ

* ಗೆಣಸನ್ನು ನೀರಲ್ಲಿ ಮುಳುಗಿಸಿ ಬೇಯಿಸಬೇಡಿ, ಹೂರಣ ಸಪ್ಪೆಯಾಗುತ್ತದೆ. ಸಿಪ್ಪೆ ಸಮೇತ ಓವನ್‌ನಲ್ಲಿ ನಿಧಾನವಾಗಿ ಸುಟ್ಟರೆ ಅದರ ಪಿಷ್ಟವೇ ಸಿಹಿಯಾಗುತ್ತದೆ.
* ಬಿಸಿ ಇರುವಾಗಲೇ ಮಸೆದು ಜರಡಿಯಲ್ಲಿ ಸೋಸಿ, ನಾರು ಹೋಗುತ್ತದೆ.
* ಅಮೆರಿಕದ ಪೈಗೆ ಬಳಸುವುದು ಒಳಗೆ ಕಿತ್ತಳೆ ಬಣ್ಣದ, ಮೆತ್ತನೆಯ ಗೆಣಸು. ನಮ್ಮ ಬಿಳಿ ಗೆಣಸು ಒಣಕಲು, ಹಾಲು ಒಂದೆರಡು ಚಮಚ ಹೆಚ್ಚು ಬೇಕಾಗಬಹುದು.
* ಎರಡು ಗಂಟೆ ಆರಿದ ಮೇಲೇ ಕತ್ತರಿಸಿ.
* ಸಕ್ಕರೆ ಕಾಯಿಲೆ ಇರುವವರಿಗೆ ಗೆಣಸು ಅಂತ ದೊಡ್ಡ ತುಂಡು ಕೊಡಬೇಡಿ. ಇದು ಸಿಹಿತಿಂಡಿಯೇ.

ಮೊನ್ನೆ ಅತ್ತೆ ಫೋನ್ ಇಸಕೊಂಡು ಅಕ್ಕನಿಗೇ ಸಲಹೆ ಕೊಟ್ಟರು, "ಜಾಯಿಕಾಯಿ ಜೊತೆ ಎರಡು ಏಲಕ್ಕಿ ಕುಟ್ಟಿ ಹಾಕಮ್ಮ, ನೋಡು ಹೇಗಿರುತ್ತೆ!" ಮಂಡಿ ನೋವು ಹೋಗಿಲ್ಲ ನಿಜ. ಆದರೆ ಭಾನುವಾರ ಟೇಬಲ್ ಮುಂದಿನ ಆ ಕುರ್ಚಿ ಈಗ ಅವರದ್ದೇ.

ಬೇಕರಿಯಿಂದ ತಂದ ಡಬ್ಬದಲ್ಲಿ ಈ ಸುಖ ಎಲ್ಲಿ ಬರಬೇಕು? ನಿಮ್ಮ ಮನೆಯಲ್ಲೂ "ನನ್ನಿಂದೇನಾಗುತ್ತೆ" ಅನ್ನುವ ಹಿರಿಯರಿದ್ದರೆ ಗೆಣಸು ಸುಲಿಯಲು ಕರೆಯಿರಿ. ಮೊದಲ ಪೈ ಕೆಟ್ಟರೂ ಪರವಾಗಿಲ್ಲ, ನಮ್ಮದೂ ಕೆಟ್ಟಿತ್ತಲ್ಲ!