ಮಕ್ಕಳ ಹಲ್ಲು ಮತ್ತು ಫ್ಲೋರೈಡ್ ಪೇಸ್ಟ್: ಎಷ್ಟು, ಯಾವಾಗ, ಯಾರಿಗೆ?

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಆದರೆ ದವಡೆಯ ಹಾಲುಹಲ್ಲುಗಳು ಬೀಳುವುದು 10ರಿಂದ 12ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಮಗು ಅಗಿಯುವುದು ಅವುಗಳಿಂದಲೇ. ಹುಳುಕಾಗಿ ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಆಮೇಲೆ ಬರುವ ಶಾಶ್ವತ ಹಲ್ಲು ಸೊಟ್ಟಗಾಗುವ ಸಂಭವವಿದೆ.

ಹುಳುಕು ಎಂದರೂ ಅಲ್ಲಿ ಹುಳುವಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ, ಬೆಲ್ಲ, ಬಿಸ್ಕತ್ತಿನ ಅಂಶವನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಕರಗಿಸುತ್ತದೆ. ಎಂಜಲು ಅವನ್ನು ಮತ್ತೆ ಹಲ್ಲಿಗೆ ತುಂಬುತ್ತಿರುತ್ತದೆ. ಹಲ್ಲಿನ ಮೇಲ್ಮೈಯಲ್ಲಿ ಫ್ಲೋರೈಡ್ ಇದ್ದರೆ ಈ ತುಂಬುವ ಕೆಲಸ ಚುರುಕಾಗುತ್ತದೆ, ಹೊಸ ಪದರ ಆಮ್ಲಕ್ಕೆ ಹೆಚ್ಚು ತಡೆಯುತ್ತದೆ. ಅಂದರೆ ಪೇಸ್ಟಿನ ಫ್ಲೋರೈಡ್ ಕೆಲಸ ಮಾಡುವುದು ಹಲ್ಲಿಗೆ ತಾಗಿದಾಗ, ಹೊಟ್ಟೆಗೆ ಹೋದಾಗಲ್ಲ.

ಮೊದಲ ಹಲ್ಲು ಮೂಡಿದಂದಿನಿಂದ 3 ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, 3ರಿಂದ 6 ವರ್ಷಕ್ಕೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಿಂಡುತ್ತಾರಲ್ಲ, ಅದನ್ನು ಮರೆತುಬಿಡಿ. ಪೇಸ್ಟನ್ನು ಹಾಕಬೇಕಾದವರು ದೊಡ್ಡವರೇ. ಉಜ್ಜಿದ ಮೇಲೆ ಮಗು ಉಗುಳಲಿ. ಲೋಟಗಟ್ಟಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದದ್ದೂ ತೊಳೆದುಹೋಗುತ್ತದೆ.

ಇಷ್ಟು ಎಚ್ಚರಿಕೆ ಏಕೆಂದರೆ ಸುಮಾರು 8 ವರ್ಷದವರೆಗೆ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆಗ ಅತಿಯಾಗಿ ಫ್ಲೋರೈಡ್ ನುಂಗಿದರೆ ಹಲ್ಲಿನ ಮೇಲೆ ಬಿಳಿ ಗೆರೆ, ಹೆಚ್ಚಾದರೆ ಕಂದು ಕಲೆ ಬೀಳುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಈ ಕಲೆಯನ್ನು ವಿವರಿಸಬೇಕಾಗಿಲ್ಲ, ಅಲ್ಲಿಯ ಕೊಳವೆಬಾವಿ ನೀರಿನದೇ ಆ ಗುರುತು.

ಅಂಥ ಊರಿನ ತಾಯಂದಿರು ಪೇಸ್ಟಿಗೆ ಹೆದರುವುದು ಸಹಜ. ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ, ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಮಗು ಪೂರ್ತಿ ನುಂಗಿದರೂ ಅಷ್ಟೇ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ ಒಂದು ಲೀಟರ್ ಕುಡಿದರೆ ಅದರ ಇಪ್ಪತ್ತು ಪಟ್ಟು ಒಳಗೆ ಹೋಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಟ್ಟ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ಹಾಗಾಗಿ ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಸರಿಯಾಗಿ ನಿರ್ವಹಿಸಿದ ಆರ್‌ಒ ಘಟಕದ ನೀರು, ಶುದ್ಧವಾಗಿ ಸಂಗ್ರಹಿಸಿದ ಮಳೆನೀರು ಮೇಲು. ಆ ಊರಿನ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಎಂಬುದನ್ನು ನೀರಿನ ವರದಿ ತೋರಿಸಿ ದಂತವೈದ್ಯರನ್ನು ಕೇಳುವುದು ಒಳ್ಳೆಯದು.

ನಮ್ಮವರು ಟ್ಯೂಬಿನ ಮೇಲೆ ಮೊದಲು ಹುಡುಕುವುದು ಹಸಿರು ಚುಕ್ಕೆ. ಅದು ಬೇಕಾದದ್ದೇ, ಪೇಸ್ಟಿಗೆ ಹಾಕುವ ಗ್ಲಿಸರಿನ್ ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಫ್ಲೋರೈಡ್ ಮಾತ್ರ ಖನಿಜ. ಹಸಿರು ಚುಕ್ಕೆಯ ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರುವವೂ ಇವೆ, ಇಲ್ಲದವೂ ಇವೆ. 'ಮಕ್ಕಳ ಪೇಸ್ಟ್' ಎಂದು ಬರೆದದ್ದರಲ್ಲೂ ಹಾಗೆಯೇ. ಹಿಂಬದಿಯ ಪಟ್ಟಿಯಲ್ಲಿ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಎಂದಿದೆಯೇ, ಪಿಪಿಎಂ ಎಷ್ಟು ಎಂದು ಓದಿ.

ರಾತ್ರಿ ಭೋಜನ ತ್ಯಾಗ ಪಾಲಿಸುವ ಮನೆಗಳಲ್ಲಿ ಒಂದು ಅನುಕೂಲವಿದೆ. ಸಂಜೆಯ ಊಟ ಮುಗಿದ ಕೂಡಲೇ ಮಗುವಿನ ಹಲ್ಲುಜ್ಜಿಸಿಬಿಡಬಹುದು, ಮತ್ತೆ ಏನೂ ಬಾಯಿಗೆ ಬೀಳುವುದಿಲ್ಲ. ತೊಂದರೆಯಾಗುವುದು ಚಿಕ್ಕ ಮಗುವಿಗೆಂದು ವಿನಾಯಿತಿ ಕೊಟ್ಟು, ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲೇ ಬಿಟ್ಟು ಮಲಗಿಸಿದಾಗ. ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹುಳುಕಾಗುವುದು ಹೆಚ್ಚಾಗಿ ಹಾಗೆಯೇ.