ಹಳೆಯ ಸ್ಟೀಲ್ ಸೈಕಲಿಗೆ ಹೊಸ ಗೇರ್

ಸಹೋದರಿಯರೇ, ಬಾಗಿದ ಹ್ಯಾಂಡಲಿನ ಹಳೆಯ ಸ್ಟೀಲ್ ಗೇರ್ ಸೈಕಲ್ ಏರು ಹತ್ತುವುದಿಲ್ಲವೆಂದು ಗುಜರಿಗೆ ಕೊಡಬೇಡಿ. ಹಿಂದಿನ ಫ್ರೀವೀಲ್‌ನ ದೊಡ್ಡ ಚಕ್ರಕ್ಕೆ 24 ಹಲ್ಲಿದ್ದರೆ 28 ಹಲ್ಲಿನದನ್ನು ಹಾಕಿಸಿ. ತುಳಿತ ಏಳರಲ್ಲೊಂದು ಪಾಲು ಹಗುರವಾಗುತ್ತದೆ. ಗೇರ್ ಬದಲಿಸುವ ಡಿರೇಲರ್ ಅದನ್ನು ತಾಳುತ್ತದೆಯೇ ಎಂದು ಮೊದಲೇ ಕೇಳಿ. ಎಂಟು ಗೇರಿನ ಹೊಸ ಚಕ್ರಕ್ಕೆ ಆಸೆಪಡಬೇಡಿ. 1980ರ ದಶಕದ ಫ್ರೇಮಿನ ಹಿಂಬದಿಯಲ್ಲಿ ಸಾಮಾನ್ಯವಾಗಿ 126 ಮಿಲಿಮೀಟರ್ ಜಾಗವಿರುತ್ತದೆ, ಅದಕ್ಕೆ 130 ಬೇಕು. ಸ್ಟೀಲನ್ನಾದರೆ ಬಲ್ಲವರು ಅಗಲಿಸಬಹುದು, ಅಲ್ಯೂಮಿನಿಯಂಗೆ ಆ ಪ್ರಯೋಗ ಸಲ್ಲದು.

ಚೈನ್ ಮಾತ್ರ ಫ್ರೀವೀಲ್ ಜೊತೆಗೇ ಬದಲಾಗಲಿ. ಸವೆದ ಚೈನ್ ಹೊಸ ಹಲ್ಲುಗಳನ್ನು ಬೇಗ ತಿಂದುಹಾಕುತ್ತದೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಜಾರುತ್ತದೆ. ಮಗನೋ ಮಗಳೋ (ಹೌದು, ಮಗಳೂ ತುಳಿಯಲಿ) ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಚೈನ್ ಜಾರಿದರೆ, ಹಿಂದೆಯೇ ಲಾರಿ ಬರುತ್ತಿರಬಹುದು. ಉಳಿತಾಯವನ್ನು ಬೇರೆಲ್ಲಾದರೂ ಮಾಡಿ.