ಚೌಕಟ್ಟು ನೆಟ್ಟಗಿದ್ದರೆ ಸವಾರಿ ನೆಟ್ಟಗೆ: ದೂರಪ್ರಯಾಣದ ಮೋಟಾರ್ ಸೈಕಲ್ ಕಲಿಸುವ ಪಾಠ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಘಟಕದ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತಿದ್ದಾಗ 'ಮಾರಾಟ ವಾಪಸಾತಿ' ಖಾತೆಯ ಮೊತ್ತ ಹಿಂದಿನ ವರ್ಷಕ್ಕಿಂತ ಬಹಳ ಏರಿರುವುದು ನನ್ನ ಕಣ್ಣಿಗೆ ಬಿದ್ದಿತು. ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ಬೆಸೆದು, ಮೋಟಾರ್ ಸೈಕಲ್‌ಗಳಿಗೆ ಲಗೇಜ್ ಕ್ಯಾರಿಯರ್ ತಯಾರಿಸುವುದು ಆ ಘಟಕದ ವೃತ್ತಿ. ವಾಪಸಾದ ಕ್ಯಾರಿಯರ್‌ಗಳಲ್ಲಿ ಬಿರುಕಿರಲಿಲ್ಲ, ಬಣ್ಣವೂ ಕಿತ್ತಿರಲಿಲ್ಲ. ಬಾಕ್ಸ್ ತುಂಬಿಕೊಂಡು ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದರೆ ಹ್ಯಾಂಡಲ್ ನಡುಗುತ್ತದೆ ಎಂಬುದೊಂದೇ ದೂರು. ಮಾಲೀಕರು ಬೇಸರದಿಂದ, "ಸಾರ್, ನಮ್ಮ ಕ್ಯಾರಿಯರ್ ಇರೋದು ಹಿಂದೆ, ನಡುಗೋದು ಮುಂದೆ. ಇದಕ್ಕೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹುಡುಕುವುದು ಲೆಕ್ಕ ಪರಿಶೋಧಕನ ಕೆಲಸವಲ್ಲ. ಆದರೆ ವರ್ಷಾಂತ್ಯದ ದಾಸ್ತಾನಿಗೆ ಮೌಲ್ಯ ಕಟ್ಟುವಾಗ, ವಾಪಸಾದ ಸರಕು ಮತ್ತೆ ಮಾರಾಟವಾಗುವುದೇ ಅಥವಾ ಗುಜರಿಗೆ ಹೋಗುವುದೇ ಎಂಬುದನ್ನು ತಿಳಿಯದೆ ಸಹಿ ಹಾಕುವಂತಿಲ್ಲ. ಆ ಕಾರಣದಿಂದ ನಾನು ಈ ವಿಷಯವನ್ನು ಕೆದಕಿದೆ. ತಿಳಿದುಬಂದ ಸಂಗತಿಗಳು ಬಿಡಿಭಾಗ ತಯಾರಿಸುವ ಮತ್ತು ಮಾರುವ ನಮ್ಮ ಸದಸ್ಯರಿಗೆ ಉಪಯುಕ್ತವಾಗಬಹುದೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಚೌಕಟ್ಟಿನ ಕೆಲಸವೇನು?

ಎಂಜಿನ್ನನ್ನೂ ಸವಾರನನ್ನೂ ಹೊರುವುದೇ ಚೌಕಟ್ಟಿನ ಕೆಲಸವೆಂಬುದು ಸಾಮಾನ್ಯ ತಿಳಿವಳಿಕೆ. ಅದಕ್ಕಿಂತ ಮಿಗಿಲಾದ ಹೊಣೆ ಇನ್ನೊಂದಿದೆ. ಮುಂದಿನ ಫೋರ್ಕ್ ತಿರುಗುವ ಸ್ಟೀರಿಂಗ್ ಹೆಡ್ಡನ್ನೂ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಕೀಲನ್ನೂ ಒಂದಕ್ಕೊಂದು ಸರಿಯಾದ ಸ್ಥಾನದಲ್ಲಿ ಅದು ನಿಲ್ಲಿಸಬೇಕು. ಇವೆರಡರ ನಡುವೆ ಚೌಕಟ್ಟು ತಿರುಚಿಕೊಂಡರೆ ಎರಡು ಚಕ್ರಗಳೂ ಒಂದೇ ಸಮತಲದಲ್ಲಿ ಉಳಿಯುವುದಿಲ್ಲ; ವಾಹನ ಸವಾರನ ಮಾತು ಕೇಳುವುದಿಲ್ಲ.

ಸ್ಟೀರಿಂಗ್ ಹೆಡ್ಡಿನ ಓರೆಯನ್ನು 'ರೇಕ್' ಎನ್ನುತ್ತಾರೆ. ಆ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆ ಅಂತರವೇ 'ಟ್ರೇಲ್'. ಟ್ರೇಲ್ ಮತ್ತು ವೀಲ್‌ಬೇಸ್ ಹೆಚ್ಚಿದಷ್ಟೂ ವಾಹನ ನೇರ ದಾರಿಯಲ್ಲಿ ಸ್ಥಿರವಾಗಿರುತ್ತದೆ, ಆದರೆ ತಿರುವಿನಲ್ಲಿ ನಿಧಾನವಾಗಿ ಬಾಗುತ್ತದೆ. ದಿನವಿಡೀ ಹೆದ್ದಾರಿಯಲ್ಲಿ ಸಾಗುವ ವಾಹನಕ್ಕೆ ಮೊದಲನೆಯ ಗುಣ ಬೇಕು, ಘಟ್ಟದ ತಿರುವುಗಳಿಗೆ ಎರಡನೆಯದು ತೀರ ಕೆಡಬಾರದು. ಹೋಂಡಾ ಗೋಲ್ಡ್ ವಿಂಗ್‌ನ 2001ರ 1800 ಸಿ.ಸಿ. ಮಾದರಿಯ ವೀಲ್‌ಬೇಸ್ ಸುಮಾರು 1,690 ಮಿ.ಮೀ. ಇದ್ದರೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರದು ಸುಮಾರು 1,400 ಮಿ.ಮೀ. ಎರಡರ ಉದ್ದೇಶವೂ ಆ ಅಂಕಿಗಳಲ್ಲೇ ಕಾಣುತ್ತದೆ.

ಇತಿಹಾಸದ ಎರಡು ಪಾಠಗಳು

ಎಂಜಿನ್ ಬದಲಿಸದೆ ಚೌಕಟ್ಟಿನಿಂದಲೇ ವಾಹನದ ಭವಿಷ್ಯ ಬದಲಾಗಬಹುದೆಂಬುದಕ್ಕೆ ಇಂಗ್ಲೆಂಡಿನ ನಾರ್ಟನ್ ಕಂಪನಿಯೇ ಸಾಕ್ಷಿ. 1950ರಲ್ಲಿ ಆ ಕಂಪನಿ ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ರೂಪಿಸಿದ ಹೊಸ ಚೌಕಟ್ಟನ್ನು ಸ್ಪರ್ಧೆಗೆ ಇಳಿಸಿತು. ಎರಡು ಉದ್ದನೆಯ ಕೊಳವೆಗಳು ಎಂಜಿನ್ನನ್ನು ಎರಡೂ ಪಕ್ಕದಿಂದ ಬಳಸಿ ಬಂದು ಸ್ಟೀರಿಂಗ್ ಹೆಡ್ಡಿನ ಬಳಿ ಒಂದನ್ನೊಂದು ದಾಟಿ ಕೂಡಿಕೊಳ್ಳುವ ವಿನ್ಯಾಸವದು. ಅದೇ ವರ್ಷ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿ.ಟಿ. ಪಂದ್ಯವನ್ನು ಜೆಫ್ ಡ್ಯೂಕ್ ಈ ವಾಹನದಲ್ಲಿ ಗೆದ್ದರು. ಸವಾರಿ ಗರಿಯ ಹಾಸಿಗೆಯಂತಿದೆ ಎಂದು ಸವಾರ ಹೆರಾಲ್ಡ್ ಡೇನಿಯಲ್ ಮೆಚ್ಚಿದ್ದರಿಂದ 'ಫೆದರ್‌ಬೆಡ್' ಎಂಬ ಹೆಸರೇ ಅದಕ್ಕೆ ನಿಂತಿತು.

ಎರಡನೆಯ ಪಾಠವೂ ನಾರ್ಟನ್ನಿನದೇ. 1967ರಲ್ಲಿ ಪ್ರದರ್ಶನಕ್ಕೆ ಬಂದ 'ಕಮಾಂಡೋ' ಮಾದರಿಯಲ್ಲಿ ಎಂಜಿನ್ನಿನ ಕಂಪನ ಸವಾರನಿಗೆ ತಾಗದಿರಲೆಂದು ಎಂಜಿನ್, ಗೇರ್‌ಬಾಕ್ಸ್, ಸ್ವಿಂಗ್ ಆರ್ಮ್ ಮೂರನ್ನೂ ಒಂದು ಘಟಕವಾಗಿಸಿ ರಬ್ಬರಿನ ಮೂಲಕ ಚೌಕಟ್ಟಿಗೆ ಕೂಡಿಸಿದರು. ಪ್ರಯಾಣ ಸುಖಕರವಾಯಿತು. ಆದರೆ ಪಕ್ಕದ ಸಡಿಲವನ್ನು ತೆಳುವಾದ ಶಿಮ್‌ಗಳಿಂದ ಆಗಾಗ್ಗೆ ಸರಿಪಡಿಸಬೇಕಾಗಿತ್ತು. ಅದನ್ನು ಅಲಕ್ಷಿಸಿದರೆ ಹಿಂದಿನ ಚಕ್ರ ಅಲುಗಾಡಿ ಒಳ್ಳೆಯ ವಾಹನವೂ ಓಲಾಡುತ್ತಿತ್ತು. ವಿನ್ಯಾಸ ಎಷ್ಟೇ ಜಾಣತನದ್ದಾದರೂ ಸರ್ವಿಸ್ ಮಾಡುವವನ ಶಿಸ್ತಿನ ಮೇಲೆ ಅದು ನಿಂತಿರುತ್ತದೆ.

ನಮ್ಮ ದೇಶದ ಉದಾಹರಣೆ

ನಮ್ಮಲ್ಲಿ ದೂರಪ್ರಯಾಣವೆಂದರೆ ಬಹುಕಾಲ ಬುಲೆಟ್ ಎಂದೇ ಅರ್ಥವಿತ್ತು. ಅದರ ಹಳೆಯ ಚೌಕಟ್ಟಿನಲ್ಲಿ ಮುಂದುಗಡೆ ಇಳಿಯುವ ಕೊಳವೆ ಒಂದೇ; ಕೆಳಭಾಗದ ಕೊಂಡಿಯಾಗಿ ಎಂಜಿನ್ನೇ ದುಡಿಯುತ್ತಿತ್ತು. 2013ರಲ್ಲಿ ಬಂದ ಕಾಂಟಿನೆಂಟಲ್ ಜಿ.ಟಿ.ಗೆ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಸಂಸ್ಥೆ ಜೋಡಿ ಕೊಳವೆಗಳ ತೊಟ್ಟಿಲು ಚೌಕಟ್ಟನ್ನು ರೂಪಿಸಿಕೊಟ್ಟಿತು. ರಾಯಲ್ ಎನ್‌ಫೀಲ್ಡ್ 2015ರಲ್ಲಿ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. ಅನಂತರ 2016ರ ಹಿಮಾಲಯನ್, 2018ರಲ್ಲಿ ಮಾರುಕಟ್ಟೆಗೆ ಬಂದ 650 ಸಿ.ಸಿ. ವಾಹನಗಳು ಇದೇ ಹಾದಿಯಲ್ಲಿ ನಡೆದವು. ಚೌಕಟ್ಟಿನ ಜ್ಞಾನವನ್ನು ಖರ್ಚೆಂದು ಭಾವಿಸದೆ ಆಸ್ತಿಯೆಂದು ಪರಿಗಣಿಸಿದ ನಿರ್ಧಾರವಿದು ಎಂದು ನನ್ನ ಅಭಿಪ್ರಾಯ.

ಕೊಳವೆಯ ಲೆಕ್ಕ

ಗಡಸುತನಕ್ಕೆ ಹೆಚ್ಚು ಉಕ್ಕು ಬೇಕು, ಹೆಚ್ಚು ಉಕ್ಕಿಗೆ ಹೆಚ್ಚು ಹಣ ಬೇಕು ಎಂಬ ನಂಬಿಕೆ ಪೂರ್ತಿ ನಿಜವಲ್ಲ. 25 ಮಿ.ಮೀ. ಹೊರವ್ಯಾಸದ, 2 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ಒಂದು ಮೀಟರಿಗೆ ಸುಮಾರು 1.13 ಕೆ.ಜಿ. ತೂಗುತ್ತದೆ. 32 ಮಿ.ಮೀ. ವ್ಯಾಸದ, 1.5 ಮಿ.ಮೀ. ದಪ್ಪದ ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಆದರೆ ತಿರುಚುವಿಕೆಯನ್ನು ತಡೆಯುವ ಶಕ್ತಿ ಎರಡನೆಯದರಲ್ಲಿ ಸುಮಾರು ಮುಕ್ಕಾಲು ಪಾಲು ಅಧಿಕ. ಕೊಂಡ ಉಕ್ಕು ಅಷ್ಟೇ, ದೊರೆತ ಬಿಗಿ ಹೆಚ್ಚು. ತೆಳು ಕೊಳವೆಯನ್ನು ಸುಕ್ಕಾಗದಂತೆ ಬಗ್ಗಿಸಲು, ತೂತು ಬೀಳದಂತೆ ಬೆಸೆಯಲು ನುರಿತ ಕೈ ಬೇಕು. ಖರ್ಚು ಅಲ್ಲಿ ಬರುತ್ತದೆ. ಅಲ್ಯೂಮಿನಿಯಮ್ಮಿಗೂ ಇದೇ ಮಾತು. ಅದರ ತೂಕ ಉಕ್ಕಿನ ಸುಮಾರು ಮೂರನೆಯ ಒಂದು ಭಾಗ, ಬಿಗಿಯೂ ಅಷ್ಟೇ. ಆದುದರಿಂದಲೇ ಅಲ್ಯೂಮಿನಿಯಮ್ ಚೌಕಟ್ಟುಗಳ ತೊಲೆಗಳು ಅಷ್ಟು ದಪ್ಪನಾಗಿ ಕಾಣುತ್ತವೆ.

ಇನ್ನು ಜಿಗ್‌ನ ವಿಚಾರ. ಬೆಸುಗೆ ತಣಿಯುವಾಗ ಲೋಹ ಕುಗ್ಗಿ ಕೊಳವೆಯನ್ನು ತನ್ನತ್ತ ಎಳೆಯುತ್ತದೆ. ಇದರಿಂದ ಸ್ಟೀರಿಂಗ್ ಹೆಡ್ಡಿನ ಓರೆ ಒಂದೇ ಡಿಗ್ರಿ ಹೆಚ್ಚಿದರೂ ಸಾಮಾನ್ಯ ಅಳತೆಯ ಚಕ್ರದಲ್ಲಿ ಟ್ರೇಲ್ ಸುಮಾರು 6 ಮಿ.ಮೀ. ಹೆಚ್ಚುತ್ತದೆ. ಹೆಡ್ ಪಕ್ಕಕ್ಕೆ ವಾಲಿದರಂತೂ ವಾಹನ ಸದಾ ಒಂದು ಕಡೆಗೆ ಎಳೆಯುತ್ತದೆ. ಗಟ್ಟಿಯಾದ ಜಿಗ್, ಎಡಬಲಗಳಲ್ಲಿ ಪರ್ಯಾಯವಾಗಿ ಬೆಸೆಯುವ ಕ್ರಮ, ಬಿಚ್ಚಿದ ಮೇಲೆ ಮರು ಅಳತೆ ಈ ಮೂರಕ್ಕೂ ಮಾಡುವ ವೆಚ್ಚ ವಾಪಸಾತಿಯ ಖಾತೆಯಲ್ಲಿ ಉಳಿತಾಯವಾಗಿ ಮರಳುತ್ತದೆ.

ಹಿಂದಿನ ಭಾರ, ಮುಂದಿನ ನಡುಕ

ಈಗ ನಮ್ಮ ಮಾಲೀಕರ ಪ್ರಶ್ನೆಗೆ ಬರೋಣ. ವೀಲ್‌ಬೇಸ್ 1,400 ಮಿ.ಮೀ. ಇರಲಿ. 20 ಕೆ.ಜಿ. ತೂಕದ ಬಾಕ್ಸನ್ನು ಹಿಂದಿನ ಚಕ್ರದ ಅಕ್ಷಕ್ಕಿಂತ 350 ಮಿ.ಮೀ. ಹಿಂದೆ ಇಟ್ಟೆವೆನ್ನಿ. ಹಿಂದಿನ ಚಕ್ರದ ಮೇಲೆ 25 ಕೆ.ಜಿ. ಭಾರ ಏರುತ್ತದೆ, ಮುಂದಿನ ಚಕ್ರದಿಂದ 5 ಕೆ.ಜಿ. ಇಳಿಯುತ್ತದೆ. ಜಮಾ-ಖರ್ಚು ತಾಳೆಯಾಯಿತು, ನಷ್ಟ ಮಾತ್ರ ಮುಂದಿನ ಚಕ್ರದ ಪಾಲಿಗೆ. ಜೊತೆಗೆ ಹಿಂದಿನ ಸ್ಪ್ರಿಂಗ್ ಕುಸಿದು ರೇಕ್ ಬದಲಾಗುತ್ತದೆ, ಎತ್ತರದ ಬಾಕ್ಸಿಗೆ ಗಾಳಿ ಹೊಡೆಯುತ್ತದೆ, ಸಪೂರ ಕ್ಯಾರಿಯರ್ ತಾನೇ ಬಾಗಿ ತೂಗುತ್ತದೆ.

ಮೋಟಾರ್ ಸೈಕಲ್ಲಿನ ಓಲಾಟಗಳನ್ನು ಬ್ರಿಟನ್ನಿನ ರಾಬಿನ್ ಶಾರ್ಪ್ 1971ರ ತಮ್ಮ ಪ್ರಬಂಧದಲ್ಲಿ ಗಣಿತದ ಮೂಲಕ ವಿಂಗಡಿಸಿ ತೋರಿಸಿದರು. ಸೆಕೆಂಡಿಗೆ ಎರಡು ಮೂರು ಬಾರಿ ಇಡೀ ವಾಹನ ಹಾವಿನಂತೆ ಹೊರಳುವುದು 'ವೀವ್'. ಹ್ಯಾಂಡಲ್ ಮಾತ್ರ ಅದಕ್ಕಿಂತ ಬೇಗಬೇಗ ನಡುಗುವುದು 'ವಾಬಲ್'. ಹಿಂದಿನ, ಅದರಲ್ಲೂ ಅಕ್ಷದಾಚೆಯ, ಎತ್ತರದ ಭಾರ ಮೊದಲನೆಯದನ್ನು ಕೆರಳಿಸುತ್ತದೆ. ಹಗುರಾದ ಮುಂದಿನ ಚಕ್ರ ಎರಡನೆಯದಕ್ಕೆ ಎಡೆಗೊಡುತ್ತದೆ. ಕ್ಯಾರಿಯರ್ ಹಿಂದೆ, ನಡುಕ ಮುಂದೆ ಎಂಬ ಒಗಟಿಗೆ ಇದೇ ಉತ್ತರ. ಇದು ಬರೀ ಅನನುಕೂಲವಲ್ಲ; ಹೆದ್ದಾರಿಯ ವೇಗದಲ್ಲಿ ಜೀವಕ್ಕೆ ಅಪಾಯ.

ಕಾನೂನಿನ ಮಾತು

2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನದ ಹೊಣೆಗಾರಿಕೆಗೆಂದೇ ಪ್ರತ್ಯೇಕ ಅಧ್ಯಾಯವಿದೆ. ವಿನ್ಯಾಸದ ದೋಷಕ್ಕೆ, ಸೂಕ್ತ ಎಚ್ಚರಿಕೆ ನೀಡದಿರುವುದಕ್ಕೆ ತಯಾರಕ ಉತ್ತರ ಹೇಳಬೇಕಾಗುತ್ತದೆ. ಮಾರಾಟಗಾರ ಸರಕನ್ನು ಮಾರ್ಪಡಿಸಿದ್ದು, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾಗಿದ್ದರೆ ಅವನೂ ಹೊಣೆಗಾರನೇ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಗಿರಾಕಿ ಕೇಳಿದನೆಂದು ಚೌಕಟ್ಟಿಗೆ ತೂತು ಕೊರೆಯುವ, ಬ್ರಾಕೆಟ್ ಬೆಸೆಯುವ ಮಳಿಗೆಯವರು ಇದನ್ನು ಮನಗಾಣಬೇಕು. ಮೂಲ ಬೋಲ್ಟ್ ರಂಧ್ರಗಳಿಗೇ ಕೂರುವ ಸಾಮಗ್ರಿ ತಯಾರಿಸುವುದೂ ಮಾರುವುದೂ ಕ್ಷೇಮಕರ.

ನಮ್ಮ ಮಾಲೀಕರು ಕೊನೆಗೆ ಹಳೆಯ ದಾಸ್ತಾನನ್ನು ಗುಜರಿ ಬೆಲೆಗೆ ಇಳಿಸಲು ಒಪ್ಪಿದರು. ಆ ವರ್ಷದ ಲಾಭ ಗಣನೀಯವಾಗಿ ಕುಗ್ಗಿತು. ಹೊಸ ಕ್ಯಾರಿಯರ್‌ನಲ್ಲಿ ಬಾಕ್ಸನ್ನು ಮುಂದಕ್ಕೆ ತಂದು, ಸೈಡ್ ಬಾಕ್ಸ್‌ಗಳನ್ನು ತಗ್ಗಿಸಿ, ಎಡಬಲಗಳನ್ನು ಅಡ್ಡಪಟ್ಟಿಯಿಂದ ಬಿಗಿದರು. ಹೊರಬಹುದಾದ ಗರಿಷ್ಠ ತೂಕವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿ ಅಂಟಿಸಿದರು. ಮರುವರ್ಷ ನಾನು ಹೋದಾಗ ವಾಪಸಾತಿ ಖಾತೆಯಲ್ಲಿ ಉಳಿದಿದ್ದವು ಕೆಲವೇ ನಮೂದುಗಳು, ಅವೂ ಬಣ್ಣದ ದೂರುಗಳು. ನಮ್ಮ ಸದಸ್ಯರೂ ತಮ್ಮ ವಾಪಸಾತಿ ಖಾತೆಯನ್ನು ವರ್ಷಾಂತ್ಯದವರೆಗೆ ಕಾಯದೆ ತಿಂಗಳಿಗೊಮ್ಮೆ ತೆರೆದು, ಪ್ರತಿಯೊಂದು ನಮೂದಿನ ಎದುರು ಕಾರಣ ಬರೆದಿಡುವ ಪದ್ಧತಿ ರೂಢಿಸಿಕೊಳ್ಳಬೇಕೆಂದು ನನ್ನ ವಿನಂತಿ.